ನೀರು ನಿಲ್ಲದ ಮೈ

ಎಂಬತ್ತರ ದಶಕದ ನಡುವಿನ ಮಾತು. ದಸರೆಯ ರಜೆಗೆಂದು ಆಳಂದಕ್ಕೆ ಬಂದಿದ್ದೆ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮೇಲೆ ಉದ್ದು ಒಣಹಾಕಿದ್ದೆವು. ಮಧ್ಯಾಹ್ನ ಮೋಡ ಕವಿದದ್ದು ನೋಡಿ ಅವ್ವ ಒಳಗಿನಿಂದ ಕೂಗಿದಳು. ನಾನು ಮೇಲೆ ಹತ್ತಿ, ಉದ್ದನ್ನು ಮೊರಕ್ಕೆ ಬಾಚಿಕೊಂಡು ನಿಚ್ಚಣಿಕೆ ಇಳಿಯುತ್ತಿದ್ದಾಗ ಸೀರೆಯ ನಿರಿಗೆ ಕಾಲಿಗೆ ತೊಡರಿತು. ಅಂಗಳದ ಫರ್ಸಿಕಲ್ಲಿನ ಮೇಲೆ ಹಿಂದಲೆ ಊರಿ ಬಿದ್ದೆ. ಆಮೇಲೆ ನೆನಪಿರುವುದು ದವಾಖಾನೆಯ ಮಂಚ, ತಲೆಗೆ ಸುತ್ತಿದ ಪಟ್ಟಿ, ಮತ್ತು ಉದ್ದೆಲ್ಲ ಮಳೆಗೆ ತೊಯ್ದುಹೋಯಿತು ಎಂದು ಅವ್ವ ಯಾರಿಗೋ ಹೇಳುತ್ತಿದ್ದದ್ದು.

ನನಗೆ ಆಗ ಇಪ್ಪತ್ನಾಲ್ಕು ವರ್ಷ. ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಎರಡು ವರ್ಷದಿಂದ ಟೀಚರ್ ಆಗಿದ್ದೆ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಆಳಂದದ ಮನೆಯಲ್ಲಿ ಅವ್ವ ಒಬ್ಬಳೇ. ನಾನು ಅಫಜಲಪುರದಲ್ಲಿ ಒಂದು ಖೋಲಿ ಹಿಡಿದು, ಹಬ್ಬಕ್ಕೆ, ರಜೆಗೆ ಊರಿಗೆ ಬರುತ್ತಿದ್ದೆ. ತಲೆಗೆ ಆರು ಹೊಲಿಗೆ ಬಿದ್ದಿದ್ದವು. ಎರಡು ದಿನ ತಲೆ ಸುತ್ತಿತು, ಮೂರನೆಯ ದಿನಕ್ಕೆ ಎದ್ದು ಕೂತೆ. ಇನ್ನೇನು ಗಂಡಾಂತರ ಕಳೆಯಿತು ಎಂದುಕೊಂಡೆವು.

ಐದನೆಯ ದಿನ ಮುಂಜಾನೆ ಒಂದು ತಂಬಿಗೆ ನೀರು ಕುಡಿದೆ. ಸಾಲಲಿಲ್ಲ, ಇನ್ನೊಂದು ಕುಡಿದೆ. ತಂಬಿಗೆ ಕೆಳಗಿಡುವಷ್ಟರಲ್ಲಿ ಮತ್ತೆ ಬೇಕೆನಿಸಿತು. ಬಿಸಿಲಲ್ಲಿ ನಡೆದುಬಂದಾಗ ಆಗುವಂಥ ಬಾಯಾರಿಕೆ ಅದಲ್ಲ. ಗಂಟಲಿನಿಂದ ಹೊಟ್ಟೆಯವರೆಗೆ ಯಾರೋ ಬೂದಿ ಉಜ್ಜಿದಂತೆ ಇತ್ತು. ಅದೂ ತಣ್ಣಗಿನ ನೀರೇ ಬೇಕು. ಹಿತ್ತಾಳೆಯ ಕೊಡದ ನೀರು ಬಾಯಿಗೆ ಹಿಡಿಸದೆ ಮಣ್ಣಿನ ಹರವಿಯ ಮುಂದೆಯೇ ಕೂತುಬಿಟ್ಟೆ. ಕುಡಿದ ಅರ್ಧ ತಾಸಿಗೆ ಹಿತ್ತಲಿಗೆ ಹೋಗಬೇಕು, ಬಂದು ಮತ್ತೆ ಕುಡಿಯಬೇಕು. ಸಂಜೆಯ ಹೊತ್ತಿಗೆ ಹರವಿ ತಳ ಕಂಡಿತು.

"ಅಲ್ಲ ಬೇ, ಮನ್ಯಾಗ ಯಾರರೆ ಬೀಗರು ಬಂದ್ರೂ ಇಷ್ಟು ನೀರು ಖರ್ಚ ಆಗಂಗಿಲ್ಲಲ್ಲ," ಎಂದಳು ಅವ್ವ. ಹೊಲಿಗೆ ಬಿಚ್ಚಿಸಿದ ಮೇಲೆ ಸರಿಹೋಗುತ್ತದೆ ಎಂದು ಇಬ್ಬರೂ ಅಂದುಕೊಂಡೆವು. ಹೊಲಿಗೆ ಬಿಚ್ಚಿಸಿದರೂ ಸರಿಹೋಗಲಿಲ್ಲ.

ಎಲ್ಲರೂ ಮೊದಲು ಹೇಳಿದ್ದು ಸಕ್ಕರೆ ಬೇನೆ ಎಂದು. ದವಾಖಾನೆಯ ಕಂಪೌಂಡರ್ ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ ಹಾಕಿ, ಅದಕ್ಕೆ ನನ್ನ ಮೂತ್ರದ ಕೆಲವು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಸಿದರು. ಸಕ್ಕರೆ ಇದ್ದರೆ ಅದು ಹಸಿರಾಗಬೇಕು, ಹೆಚ್ಚಿದ್ದರೆ ಇಟ್ಟಂಗಿ ಬಣ್ಣಕ್ಕೆ ತಿರುಗಬೇಕು. ನೀಲಿ ನೀಲಿಯಾಗಿಯೇ ಉಳಿಯಿತು. ಅವರು ಇನ್ನೊಮ್ಮೆ ಕಾಸಿ ನೋಡಿದರು. "ಸಕ್ರಿ ಇಲ್ರಿ ಅಕ್ಕೋರ," ಎಂದರು. ಆಮೇಲೆ ಶೀಸೆಯನ್ನು ಬೆಳಕಿಗೆ ಹಿಡಿದು, "ಇದು ಮೂತ್ರನೋ ನಳದ ನೀರೋ?" ಎಂದು ತಮಗೆ ತಾವೇ ಕೇಳಿಕೊಂಡಂತೆ ಕೇಳಿದರು. ನಿಜವಾಗಿಯೂ ಅದಕ್ಕೆ ಬಣ್ಣವೇ ಇರಲಿಲ್ಲ. ಸಕ್ಕರೆ ಇಲ್ಲವೆಂದ ಮೇಲೆ ಬೇನೆಯೇ ಇಲ್ಲವೆಂದು ತೀರ್ಮಾನವಾಯಿತು. ನನಗೊಂದು ಚಟ ಹತ್ತಿದೆ, ತಡೆದುಕೊಂಡರೆ ಬಿಡುತ್ತದೆ ಎಂಬಲ್ಲಿಗೆ ಮಾತು ಬಂದು ನಿಂತಿತು.

ರಜೆ ಮುಗಿದು ಶಾಲೆಗೆ ಹೋದೆ. ಅಫಜಲಪುರದಿಂದ ಬಸ್ಸಿನಲ್ಲಿ ಅರ್ಧ ತಾಸು, ಅಲ್ಲಿಂದ ಹೊಲದ ದಾರಿಯಲ್ಲಿ ಮುಕ್ಕಾಲು ತಾಸಿನ ನಡಿಗೆ. ಶಾಲೆಗೆ ಎರಡು ಖೋಲಿ, ಒಂದು ಕಟ್ಟೆ. ಪಾಯಖಾನೆ ಎಂಬುದು ಇರಲೇ ಇಲ್ಲ. ಹುಡುಗರು ಎದ್ದು ನಿಂತು ಕಿರುಬೆರಳು ತೋರಿಸಿ, "ಒಂದಕ್ಕ ಹೋಗಿ ಬರ್ತೇನ್ರಿ," ಎಂದು ನನ್ನ ಪರವಾನಗಿ ಕೇಳುತ್ತಿದ್ದರು. ಅವರು ಕೇಳುವುದಕ್ಕೆ ಮೊದಲೇ ನಾನು ಎದ್ದು ಹೊರಟಿರುತ್ತಿದ್ದೆ. ಕನ್ನಡ ಪಾಠದ ಒಂದು ಪುಟ ಮುಗಿಸಿ ಲೆಕ್ಕಕ್ಕೆ ಬರುವುದರೊಳಗೆ ಎರಡು ಸಲ. ಬೋರ್ಡಿಗೆ ಬೆನ್ನು ಹಾಕಿ ನಿಂತಾಗ ನನ್ನ ಕಣ್ಣು ಬಾಗಿಲ ಕಡೆಗೇ. ಒಂದು ಕ್ಷಣ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು.

ಆ ತಿಂಗಳುಗಳಲ್ಲಿ ನನ್ನ ಮಾನ ಕಾಯ್ದದ್ದು ಬೆಳೆ. ತೊಗರಿ ಎದೆ ಮಟ್ಟ ಬೆಳೆದಿತ್ತು, ಬಿಳಿಜೋಳ ದಿನದಿಂದ ದಿನಕ್ಕೆ ಏರುತ್ತಿತ್ತು. ದಾರಿಯ ಎರಡೂ ಬದಿಯ ಹೊಲಗಳು ನನಗೆ ಬಾಯಿಪಾಠವಾದವು. ಯಾರ ಹೊಲದಲ್ಲಿ ಬೆಳೆ ದಟ್ಟ, ಎಲ್ಲಿ ಬದುವಿನ ಆಚೆ ಜಾಲಿ ಪೊದೆ ಇದೆ, ಎಲ್ಲಿ ಆಳುಗಳು ಇರುತ್ತಾರೆ, ಯಾವ ಬಾವಿಯ ನೀರು ಸಿಹಿ, ಇವಿಷ್ಟನ್ನೇ ಲಕ್ಷ್ಯವಿಟ್ಟು ನೋಡುತ್ತ ನಡೆಯುತ್ತಿದ್ದೆ. ಕೈಯಲ್ಲಿ ಎರಡು ಬಾಟಲಿ ನೀರು, ಹೆಗಲಿಗೆ ಚೀಲ. ಶಾಲೆ ಮುಟ್ಟುವ ಮೊದಲೇ ಎರಡೂ ಖಾಲಿ.

ಶಾಲೆಯ ಹಿಂದೆ ಒಂದು ಮನೆಯಿತ್ತು. ಅಲ್ಲಿ ಒಬ್ಬ ವಯಸ್ಸಾದ ಮುಸಲ್ಮಾನ ಹೆಂಗಸು, ಗಂಡ ಸತ್ತವಳು, ಆಡು ಸಾಕಿಕೊಂಡಿದ್ದಳು. ಊರಿನವರೆಲ್ಲ ಆಕೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಒಂದು ದಿನ ನಾನು ಆಕೆಯ ಗೋಡೆಯ ಬದಿಗೆ ನಾಲ್ಕನೆಯ ಸಲ ಬಂದದ್ದನ್ನು ನೋಡಿ ಬಾಗಿಲಿಗೆ ಬಂದಳು. ನಾನು ನಾಚಿ ತಲೆ ತಗ್ಗಿಸಿದೆ.

"ಬೇಟಿ, ಗ್ವಾಡಿ ಮರಿಗೆ ಯಾಕ ನಿಂದ್ರತೀ? ಒಳಗ ಬಚ್ಚಲ ಅದ, ತಟ್ಟಿನ ಪಡದಾ ಅದ. ಬಾ," ಎಂದಳು. ನಾನು ಹೊರಬಂದಾಗ ಕೈಯಲ್ಲಿ ಚರಗಿ ಹಿಡಿದು ನಿಂತಿದ್ದಳು. ಒಂದೇ ಉಸಿರಿಗೆ ಕುಡಿದೆ. ಇನ್ನೊಂದು ಕೊಟ್ಟಳು. ಮೂರನೆಯದನ್ನೂ ಕುಡಿದಾಗ ಆಕೆ ಏನೂ ಕೇಳಲಿಲ್ಲ. "ನಾಳೆಯಿಂದ ನಿನಗಂತ ಒಂದು ಹರವಿ ಬ್ಯಾರೆ ತುಂಬಿಡ್ತೇನಿ. ಪರೇಶಾನ್ ಆಗಬ್ಯಾಡ," ಎಂದಳು.

ಊರಿಗೆ ಇದ್ದದ್ದು ಒಂದು ಕೈಬೋರು, ಒಂದು ಬಾವಿ. ಖಾಲಾ ನನಗಾಗಿ ದಿನಾ ಎರಡು ಕೊಡ ಹೆಚ್ಚು ಹೊರುತ್ತಿದ್ದಳು. ನಾನು ಬೇಡವೆಂದು ಒಮ್ಮೆ ನಾನೇ ಕೊಡ ಹೊತ್ತು ತಂದೆ. ಕೈಬೋರಿನ ಬಳಿ ಹೆಂಗಸರು ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. ಅವರೇನು ಆಡಿಕೊಳ್ಳುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ಟೀಚರಿಗೆ ತಲೆಗೆ ಪೆಟ್ಟಾದಾಗ ಏನೋ ಹೊಕ್ಕಿದೆ, ನೀರು ಕುಡಿಯುವುದು ಅವಳಲ್ಲ, ಅದು. ಹೆಡ್ ಮಾಸ್ತರರೂ ಒಂದು ದಿನ ಕರೆದು, "ಇನ್ಸ್‌ಪೆಕ್ಟರ್ ಸಾಹೇಬ್ರು ಬರೋರಿದ್ದಾರ. ಕ್ಲಾಸ್ ಬಿಟ್ಟು ಹೋಗೋದು ಜರಾ ಕಮ್ಮಿ ಮಾಡ್ರಿ," ಎಂದರು. ಅವರದು ಒರಟು ಮಾತಲ್ಲ. ಆದರೆ ಆ ರಾತ್ರಿಯ ಊಟ ನನಗೆ ಸೇರಲಿಲ್ಲ.

ಶಿವರಾತ್ರಿಯ ಹೊತ್ತಿಗೆ ತೊಗರಿ ಕಿತ್ತಾಗಿತ್ತು. ಜೋಳವನ್ನೂ ಕೊಯ್ದು ಕಣಕ್ಕೆ ಸಾಗಿಸಿದರು. ಒಂದು ಸೋಮವಾರ ಬಸ್ಸಿಳಿದು ನೋಡುತ್ತೇನೆ, ಕಣ್ಣು ಹರಿಯುವವರೆಗೆ ಬರಿಯ ಕಪ್ಪು ನೆಲ. ಮರೆ ಎಂಬುದು ಎಲ್ಲೂ ಉಳಿದಿರಲಿಲ್ಲ. ಸುಗ್ಗಿಯಾಯಿತೆಂದು ಊರೇ ಹಿಗ್ಗಿನಲ್ಲಿದ್ದಾಗ ನಾನು ಆ ದಾರಿಯಲ್ಲಿ ನಿಂತು ಅತ್ತೆ. ಆಮೇಲೆ ಓಡಿದೆ. ಖಾಲಾಳ ಮನೆಯವರೆಗೆ ಎಲ್ಲಿಯೂ ನಿಲ್ಲದೆ, ಮಾಸ್ತರಿಕೆಯ ಗಾಂಭೀರ್ಯವನ್ನೆಲ್ಲ ಬಿಟ್ಟು ಓಡಿದೆ.

ಅದೇ ದಿನಗಳಲ್ಲಿ ನನ್ನ ಸೋದರಮಾವ ಜೇವರ್ಗಿಯಿಂದ ಒಂದು ಸಂಬಂಧ ತಂದ. ಹುಡುಗ ತಹಸೀಲ ಕಚೇರಿಯಲ್ಲಿ ಗುಮಾಸ್ತ. ನಮ್ಮದೇ ಮಂದಿ, ಮನೆತುಂಬ ಜನ. ಅವರ ಮನೆಯ ಅಜ್ಜಿಗೆ ಪ್ರಯಾಣ ಆಗದಾದ್ದರಿಂದ ನಾವೇ ಹೋಗಿ ಹುಡುಗಿಯನ್ನು ತೋರಿಸಿ ಬರುವುದೆಂದು ಗೊತ್ತಾಯಿತು. ಹೊರಡುವ ಮುಂಜಾನೆ ಅವ್ವ ನನ್ನ ಕೈಗೆ ಅರ್ಧ ತಂಬಿಗೆ ನೀರು ಕೊಟ್ಟಳು.

"ಇವತ್ತೊಂದಿನ ತಡ್ಕೋ ಯವ್ವಾ. ಕುಡದ್ರ ಹೋಗಬೇಕಾಗ್ತದ, ಕುಡೀಲಿಲ್ಲಂದ್ರ ಹೋಗೋದೂ ಇಲ್ಲ. ಮಂದಿ ಮುಂದ ಹತ್ತು ಸಲ ಎದ್ದು ಹೋದ್ರ ಏನಂದಾರು?"

"ತಡಕೊಳ್ಳಾಕ ಆಗಂಗಿಲ್ಲ ಅವ್ವಾ."

"ಒಂದ ದಿನ ಬೇ. ನನ್ನ ಸಲುವಾಗಿ."

ಅವ್ವ ಹೇಳಿದ್ದು ಬುದ್ಧಿಗೆ ಸರಿಯಾಗಿಯೇ ಕಾಣುತ್ತಿತ್ತು. ಕುಡಿಯದಿದ್ದರೆ ಹೋಗುವುದು ಎಲ್ಲಿಂದ? ಆದರೆ ನನ್ನ ಮೈಗೆ ಆ ಲೆಕ್ಕ ಗೊತ್ತಿರಲಿಲ್ಲ. ಗುಲಬರ್ಗಾ ಬಸ್ ನಿಲ್ದಾಣದಲ್ಲಿ ಇಳಿದಾಗ ಹೋದೆ, ಜೇವರ್ಗಿಯ ಬಸ್ಸು ಹತ್ತುವ ಮೊದಲು ಇನ್ನೆರಡು ಸಲ ಹೋದೆ. ಕುಡಿದದ್ದು ಅರ್ಧ ತಂಬಿಗೆ, ಹೋಗುತ್ತಿರುವುದು ಮಾತ್ರ ಎಂದಿನಷ್ಟೇ. ಭೀಮೆಯ ಸೇತುವೆ ದಾಟುವಾಗ ಬಸ್ಸಿನ ಕಿಟಕಿಯಿಂದ ಕೆಳಗೆ ನೋಡಿದೆ. ಉಸುಕಿನ ನಡುವೆ ನೀರು ತೆಳ್ಳಗೆ ಹರಿಯುತ್ತಿತ್ತು. ಅದನ್ನು ನೋಡಿ ನನ್ನ ನಾಲಿಗೆ ತಾನಾಗಿ ಹೊರಳಿತು, ಆದರೆ ಬಾಯಲ್ಲಿ ಉಗುಳೇ ಇರಲಿಲ್ಲ. ತುಟಿ ಹಲ್ಲಿಗೆ ಅಂಟಿಕೊಂಡಿತ್ತು.

ಜೇವರ್ಗಿಯ ಆ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಹದಿನೈದು ಜನರಿದ್ದಿರಬೇಕು. ಹುಡುಗ ಕಂಬದ ಬದಿಗೆ ತಲೆ ತಗ್ಗಿಸಿ ಕೂತಿದ್ದ. ಅವನ ಅಜ್ಜಿ ನನ್ನನ್ನು ಹತ್ತಿರ ಕೂರಿಸಿಕೊಂಡು, "ನಿಮ್ಮ ಸಾಲ್ಯಾಗ ಎಷ್ಟು ಹುಡುಗ್ರು ಅದಾರವ್ವ?" ಎಂದು ಕೇಳಿದಳು. ಉತ್ತರ ಗೊತ್ತಿತ್ತು, ನಾಲಿಗೆ ಏಳಲಿಲ್ಲ. ಎದುರಿನ ಮೂಲೆಯಲ್ಲಿ ನೀರಿನ ಕಟ್ಟೆ. ಅದರ ಮೇಲೆ ಬೆಳಗಿ ಇಟ್ಟ ತಾಮ್ರದ ಕೊಡ. ಕೊಡದ ಹೊರಮೈ ಬೆವತು ಹನಿ ಇಳಿಯುತ್ತಿತ್ತು. ಅಜ್ಜಿ ಇನ್ನೇನೋ ಕೇಳಿದಳು. ನನಗೆ ಆ ಹನಿ ಮಾತ್ರ ಕಾಣುತ್ತಿತ್ತು.

ಎದ್ದು ಹೋದೆ. ಯಾರೋ ಹೆಂಗಸು, "ನೀರು ಬೇಕಾ? ಕುಂಡ್ರವ್ವ, ತಂದು ಕೊಡ್ತೇನಿ," ಎಂದದ್ದು ಕೇಳಿಸಿತು. ನಾನು ಕೊಡವನ್ನೇ ಎರಡೂ ಕೈಯಿಂದ ಎತ್ತಿ ಬಾಯಿಗೆ ಹಚ್ಚಿದೆ. ಹೊಸ ಸೀರೆ, ಕುಪ್ಪಸ, ಕೊರಳಿನ ಲಿಂಗದ ಕರಡಿಗೆ, ಎಲ್ಲದರ ಮೇಲೂ ನೀರು ಸುರಿಯಿತು. ಮನೆಮಂದಿಯೆಲ್ಲ ಕುಡಿಯುವ ಕೊಡ ಎಂಜಲಾಯಿತು. ಕೊಡ ಇಳಿಸಿ ತಿರುಗಿದಾಗ ಅವ್ವನ ಮುಖ ಕಂಡಿತು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಷ್ಟೇ ನೆನಪು. ಕಣ್ಣು ಕತ್ತಲೆಗಟ್ಟಿ ಅಲ್ಲಿಯೇ ಕುಸಿದೆ.

ಹುಡುಗನೇ ಸೈಕಲ್ ಹತ್ತಿ ಹೋಗಿ ಟಾಂಗಾ ಕರೆತಂದನಂತೆ. ಊರಿನ ದವಾಖಾನೆಯಲ್ಲಿ ಕೈಗೆ ಸಲೈನ್ ಹಚ್ಚಿದ್ದರು. ಡಾಕ್ಟರ್ ಒಬ್ಬ ಹೆಣ್ಣುಮಗಳು, ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಮೈಮೇಲೆ ಬಂದಿದೆ, ಇದನ್ನು ದೇವರ ಹತ್ತಿರ ಒಯ್ಯಬೇಕು ಎಂದು ನಮ್ಮ ಮಾವ ಬಾಗಿಲಲ್ಲಿ ನಿಂತು ಹೇಳುತ್ತಿದ್ದ. ಆಕೆ ಅವನ ಕಡೆ ನೋಡದೆ ಅವ್ವನನ್ನು ಕೇಳಿದಳು.

"ಯಾವಾಗಿಂದ ಹಿಂಗ?"

"ದಸರಾದಾಗ ಮಾಳಿಗಿಂದ ಬಿದ್ಲ್ರಿ. ಅದಾಗಿ ನಾಕೈದು ದಿನಕ್ಕ ಸುರುವಾತು."

ಡಾಕ್ಟರ್ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದಳು. "ಬಿದ್ದದ್ದು ಮೊದಲ, ಬಾಯಾರಿಕಿ ಆಮ್ಯಾಲ?"

"ಹೌದ್ರಿ."

"ಇವತ್ತ ನೀರು ಕೊಟ್ಟಿಲ್ಲೇನು?"

"ಅರ್ಧ ತಂಬಿಗಿ ಕೊಟ್ಟೇನ್ರಿ," ಎಂದಳು ಅವ್ವ. ಡಾಕ್ಟರ್ ಬಯ್ಯಲಿಲ್ಲ. ಅವ್ವನನ್ನು ಸ್ಟೂಲಿನ ಮೇಲೆ ಕೂರಿಸಿ ನಿಧಾನವಾಗಿ ಹೇಳಿದಳು. "ನೋಡ್ರಿ, ನೀರು ಕುಡಿಯೋದು ಆಕೀ ರೋಗ ಅಲ್ಲ. ನೀರು ಹೋಗೋದು ರೋಗ. ಹೋಗಿದ್ದನ್ನ ತುಂಬ್ಕೊಳ್ಳಾಕ ಕುಡೀತಾಳ. ಕುಡ್ಯಾಕ ಕೊಡ್ಲಿಲ್ಲಂದ್ರ ಜೀವಕ್ಕ ಅಪಾಯ ಅದ. ಇನ್ನ ಯಾವತ್ತೂ ತಡೀಬ್ಯಾಡ್ರಿ."

ಆರು ತಿಂಗಳಾಗುತ್ತ ಬಂದಿತ್ತು. ಇದು ಚಟವಲ್ಲ, ಗಾಳಿಯಲ್ಲ, ರೋಗ ಎಂದು ಹೇಳಿದ ಮೊದಲ ವ್ಯಕ್ತಿ ಆಕೆ. ಸೋಲಾಪುರದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟಳು.

ಸಂಜೆ ಹುಡುಗ ಆಸ್ಪತ್ರೆಯ ವರಾಂಡಕ್ಕೆ ಬಂದ. ಅವ್ವನಿಗೆ ಕೇಳುವಂತೆ, ನನ್ನನ್ನು ನೋಡದೆ, "ಮೊದಲ ಸೋಲಾಪುರಕ್ಕ ಹೋಗಿ ಬರ್ರಿ. ಉಳಿದದ್ದು ಆಮ್ಯಾಲ ನೋಡಿದ್ರಾತು," ಎಂದ. ಒಳ್ಳೆಯ ಮಾತು. ಎಂಟು ದಿನದಲ್ಲಿ ಅವರ ಮನೆಯಿಂದ ಬೇಡವೆಂಬ ಸುದ್ದಿ ಮಾವನ ಕೈಯಲ್ಲಿ ಬಂತು. ಆ ಹುಡುಗನನ್ನು ನಾನು ಮತ್ತೆ ನೋಡಲಿಲ್ಲ. ಅವನ ಮೇಲೆ ನನಗೆ ಸಿಟ್ಟೂ ಬರಲಿಲ್ಲ.

ಅವ್ವ ಮತ್ತು ನಾನು ಅಕ್ಕಲಕೋಟೆಯ ಮೇಲೆ ಹಾಯ್ದು ಸೋಲಾಪುರಕ್ಕೆ ಹೋದೆವು. ಅಲ್ಲಿನ ದೊಡ್ಡ ಡಾಕ್ಟರರು ನಡುವಯಸ್ಸಿನವರು. ಮರಾಠಿ ಬೆರೆಸಿದ ಕನ್ನಡ ಅವರದು. ಎರಡು ದಿನ ರಕ್ತ, ಮೂತ್ರ ಎಲ್ಲ ನೋಡಿದರು. ಮೂರನೆಯ ದಿನ ಪರೀಕ್ಷೆ ಇದೆ ಎಂದರು. "ಸಕಾಳಿ ಎಂಟರಿಂದ ನೀರು ಬಂದ್. ತ್ರಾಸ ಆಗ್ತದ. ಆದರ ನಾವು ಹತ್ತಿರ ಇರ್ತೀವಿ, ಹೆದರಬ್ಯಾಡ."

ಆ ದಿನವನ್ನು ಹೇಗೆ ಹೇಳಲಿ. ತಾಸಿಗೊಮ್ಮೆ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು, ತಾಸಿಗೊಮ್ಮೆ ಮೂತ್ರ ಅಳೆದರು. ಬಚ್ಚಲಿಗೂ ನರ್ಸ್ ಜೊತೆಗೇ ಬಂದಳು, ನಳಕ್ಕೆ ಬಾಯಿ ಹಚ್ಚಿಯೇನು ಎಂದು. ಹತ್ತು ಗಂಟೆಗೆ ಬೇಡಿಕೊಂಡೆ. ಹನ್ನೊಂದಕ್ಕೆ ಬಯ್ದೆ. ಹನ್ನೆರಡಕ್ಕೆ ಮಾತು ನಿಂತಿತು. ವಾರ್ಡಿನ ಉದ್ದಕ್ಕೂ ಈ ಗೋಡೆಯಿಂದ ಆ ಗೋಡೆಗೆ ನಡೆದೆ. ಕಿಟಕಿಯ ಹೊರಗೆ ತುಳಸಿಯ ಕುಂಡ ಇತ್ತು. ಅದರ ಕೆಳಗಿನ ತಟ್ಟೆಯಲ್ಲಿ ಕೆಸರು ಬೆರೆತ ನೀರು ನಿಂತಿತ್ತು. ನಾನು ಸರಳುಗಳ ನಡುವೆ ಕೈ ತೂರಿಸಿ ಅದನ್ನು ಎಳೆದುಕೊಳ್ಳುತ್ತಿದ್ದಾಗ ನರ್ಸ್ ಬಂದು ಮಣಿಕಟ್ಟು ಹಿಡಿದಳು. ಬಾಗಿಲ ಹೊರಗೆ ಕೂತಿದ್ದ ಅವ್ವ ಅದನ್ನು ನೋಡಿದಳು. ಆಕೆಯೂ ಅವತ್ತು ಬೆಳಗಿನಿಂದ ಒಂದು ಹನಿ ನೀರು ಕುಡಿದಿರಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು.

ಎರಡು ಗಂಟೆಗೆ ಡಾಕ್ಟರರು ಒಂದು ಪುಟ್ಟ ಕಂದುಬಣ್ಣದ ಶೀಸೆ ತಂದರು. ಹೆಬ್ಬೆರಳಿನಷ್ಟೂ ಇರಲಿಲ್ಲ. ಅದರ ಜೊತೆಗೆ ಸಣ್ಣ ಮೆತ್ತನೆಯ ನಳಿಗೆ. ನಳಿಗೆಯೊಳಗೆ ಗೆರೆಯವರೆಗೆ ಔಷಧ ಏರಿಸಿ, ಒಂದು ತುದಿಯನ್ನು ನನ್ನ ಮೂಗಿನಲ್ಲಿ, ಇನ್ನೊಂದನ್ನು ಬಾಯಲ್ಲಿ ಇಟ್ಟು, "ಊದು," ಎಂದರು. ಊದಿದೆ. ಮೂಗಿನೊಳಗೆ ತಣ್ಣಗೆ ಏನೋ ಹೊಕ್ಕಿತು. ಇಷ್ಟೇ? ಕೊಡಗಟ್ಟಲೆ ನೀರು ಕುಡಿದು ಆರದ ಬಾಯಿಗೆ ಈ ಒಂದು ಹನಿಯೇ ಎಂದು ನನಗೆ ಸಿಟ್ಟು ಬಂತು.

ಮೂರು ಗಂಟೆಗೆ ಅಳೆದಾಗ ಮೂತ್ರ ಅರ್ಧಕ್ಕೆ ಇಳಿದಿತ್ತು. ನಾಲ್ಕಕ್ಕೆ ಬಂದದ್ದು ನಾಲ್ಕು ಚಮಚದಷ್ಟು. ನರ್ಸ್ ಗಾಜಿನ ಪಾತ್ರೆಯನ್ನು ತಂದು ತೋರಿಸಿದಳು. ಅದು ಹಳದಿಯಾಗಿತ್ತು. ನನ್ನ ಮೂತ್ರಕ್ಕೆ ಬಣ್ಣ ಬಂದಿತ್ತು. ಹೆಂಗಸಾಗಿ ಇದನ್ನು ಬರೆಯಲು ನಾಚಿಕೆಯಾಗಬೇಕು, ಆದರೆ ಅಷ್ಟು ಚೆಂದದ ಬಣ್ಣವನ್ನು ನಾನು ಕಂಡಿರಲಿಲ್ಲ. ಡಾಕ್ಟರರು ಒಂದು ಗ್ಲಾಸು ನೀರು ಕೊಟ್ಟರು, ಕುಡಿದೆ. ಎರಡನೆಯದನ್ನು ಕೊಟ್ಟರು. ಅರ್ಧ ಕುಡಿದು ಕೆಳಗಿಟ್ಟೆ. ಅವ್ವ ಆ ಅರ್ಧ ಗ್ಲಾಸನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಅದನ್ನೆತ್ತಿ ತಾನೇ ಕುಡಿದಳು.

ಮರುದಿನ ಡಾಕ್ಟರರು ನಮಗೆ ತಿಳಿಸಿ ಹೇಳಿದರು. ಮಿದುಳಿನ ಕೆಳಗೆ ಕಡಲೆಕಾಳಿನಷ್ಟು ಒಂದು ಗಂಟು ತೂಗಿಕೊಂಡಿರುತ್ತದೆ. ನೀರನ್ನು ಹಿಡಿದಿಟ್ಟುಕೋ ಎಂದು ಮೂತ್ರಪಿಂಡಕ್ಕೆ ಹೇಳುವ ರಸ ಅಲ್ಲಿಂದ ಇಳಿಯುತ್ತದೆ. ಬಿದ್ದ ಪೆಟ್ಟಿಗೆ ಆ ದಾರಿ ಹರಿದಿದೆ. "ಈ ಔಷಧ ಕಾರಖಾನ್ಯಾಗ ಮನುಷ್ಯಾ ಮಾಡಿದ್ದು," ಎಂದು ಕಾಗದದ ಮೇಲೆ ಒಂಬತ್ತು ಸೊನ್ನೆ ಬರೆದು ಒಂದಕ್ಕೊಂದು ಗೆರೆ ಎಳೆದರು. "ನಿನ್ನ ಮೈ ಮಾಡೋ ರಸ ಒಂಬತ್ತು ಮಣಿ ಸರ ಇದ್ದಂಗ. ಇದೂ ಒಂಬತ್ತು ಮಣಿದೇ. ಎರಡು ಮಣಿ ಜರಾ ಬದಲು ಮಾಡ್ಯಾರ, ಭಾಳ ಹೊತ್ತು ಬಾಳಿಕಿ ಬರಲಿ ಅಂತ." ಒಂದು ಸಲ ಊದಿದರೆ ಅರ್ಧ ದಿನ ನಡೆಯುತ್ತದೆ. ಬಿಟ್ಟರೆ ಬಾಯಾರಿಕೆ ತಿರುಗಿ ಬರುತ್ತದೆ. ಎಷ್ಟು ದಿನ ಬೇಕಾಗುತ್ತದೆ ಎಂದು ಅವ್ವ ಕೇಳಿದಳು. ಡಾಕ್ಟರರು ಕಾಗದ ಮಡಚುತ್ತ, "ಜೀವ ಇರೋತನಕ," ಎಂದರು.

ಔಷಧ ಪರದೇಶದ್ದು. ಮುಂಬಯಿಯಿಂದ ಸೋಲಾಪುರದ ಒಂದು ಅಂಗಡಿಗೆ ಬರುತ್ತಿತ್ತು. ಅದನ್ನು ಬಿಸಿ ತಾಗದಂತೆ ಫ್ರಿಜ್ಜಿನಲ್ಲಿ ಇಡಬೇಕು. ಅವ್ವ ಒಂದು ಥರ್ಮಾಸು ಕೊಂಡಳು. ತಿಂಗಳಿಗೊಮ್ಮೆ ಸೋಲಾಪುರಕ್ಕೆ ಹೋಗಿ, ಥರ್ಮಾಸಿನೊಳಗೆ ಐಸಿನ ಚೂರುಗಳ ನಡುವೆ ಶೀಸೆ ಇಟ್ಟುಕೊಂಡು, ತೊಡೆಯ ಮೇಲೆ ಕೂಸಿನ ಹಾಗೆ ಹಿಡಿದು ಬಸ್ಸಿನಲ್ಲಿ ಬರುತ್ತಿದ್ದಳು. ಯಾರಾದರೂ, "ಮುದುಕಿ, ಚಹಾ ಅದನೇನು?" ಎಂದರೆ ಸೆರಗು ಮುಚ್ಚಿಕೊಳ್ಳುತ್ತಿದ್ದಳು. ಜೇವರ್ಗಿಯ ವಿಷಯ ಆಕೆ ಬಾಯಿ ಬಿಟ್ಟು ಎಂದೂ ಆಡಲಿಲ್ಲ. ಆ ಥರ್ಮಾಸು ಹಿಡಿದು ಎರಡು ದಿನ ತಿರುಗುವುದೇ ಆಕೆಯ ಮಾತಾಗಿತ್ತು.

ಅಫಜಲಪುರದಲ್ಲಿ ಫ್ರಿಜ್ಜು ಎಲ್ಲಿಂದ ತರುವುದು? ಪಶು ದವಾಖಾನೆಯಲ್ಲಿ ಎತ್ತು, ಎಮ್ಮೆಗಳ ಲಸಿಕೆಗೆಂದು ಒಂದಿತ್ತು. ಸೋಲಾಪುರದ ಚೀಟಿ ತೋರಿಸಿ ಅಲ್ಲಿನ ಡಾಕ್ಟರರನ್ನು ಕೇಳಿಕೊಂಡೆ. ಅವರು ಅದನ್ನು ಎರಡು ಸಲ ಓದಿ, "ಇಡ್ರಿ. ನಮ್ಮ ಪೇಷಂಟ್‌ಗಳು ತಕರಾರು ಮಾಡಂಗಿಲ್ಲ," ಎಂದರು. ಅಂದಿನಿಂದ ಮುಂಜಾನೆ ಬಸ್ಸಿಗೆ ಮೊದಲು, ಸಂಜೆ ಬಸ್ಸಿಳಿದ ಮೇಲೆ ಪಶು ದವಾಖಾನೆಗೆ ಹೋಗಿ, ಸೂಜಿಗಾಗಿ ಕಾಯುವ ಎಮ್ಮೆಗಳ ನಡುವೆ ನಿಂತು ಮೂಗಿಗೆ ಊದಿಕೊಳ್ಳುತ್ತಿದ್ದೆ. ರೈತರು ಮೊದಮೊದಲು ಬೆರಗಾಗಿ ನೋಡಿದರು. ಒಬ್ಬರಂತೂ ತಮ್ಮ ಎಮ್ಮೆಗೂ ಅದನ್ನೇ ಹಾಕಿಸಬೇಕೆಂದು ಕೇಳಿದರು.

ಶಾಲೆಯಲ್ಲಿ ಒಂದು ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಎದ್ದುಹೋಗದೆ ಮುಗಿಸಿದ ದಿನ ಹುಡುಗರಿಗೇ ಬೇಸರವಾಯಿತು, ಅವರ ಗದ್ದಲಕ್ಕೆ ಎಡೆಯೇ ಸಿಗಲಿಲ್ಲ. ಆದರೆ ನನಗೆ ನೆಮ್ಮದಿ ಬಂದಿರಲಿಲ್ಲ. ಮುಂಜಾನೆಯ ಔಷಧ ಸಂಜೆಯವರೆಗೆ ತಡೆಯುತ್ತದೋ ಇಲ್ಲವೋ, ಅಫಜಲಪುರದಲ್ಲಿ ಕರೆಂಟು ಹೋಗಿರಬಹುದೋ, ಶೀಸೆ ಬಿಸಿಯಾಗಿ ಸತ್ವ ಹೋದರೆ ಏನು ಗತಿ? ಬಾಯಾರಿಕೆ ಹೋದ ಜಾಗದಲ್ಲಿ ಈ ಕಳವಳ ಬಂದು ಕೂತಿತು.

ಮರುವರ್ಷದ ಮಳೆಗಾಲದಲ್ಲಿ ಹೆದರಿದ್ದೇ ಆಯಿತು. ಅವ್ವ ಸೋಲಾಪುರದಿಂದ ಖಾಲಿ ಥರ್ಮಾಸು ಹಿಡಿದು ಬಂದಳು. ಮುಂಬಯಿಯಿಂದ ಮಾಲು ಬಂದಿಲ್ಲ, ಯಾವಾಗ ಬರುತ್ತದೋ ಗೊತ್ತಿಲ್ಲ ಎಂದಿದ್ದರಂತೆ. ಉಳಿದದ್ದನ್ನು ದಿನಕ್ಕೆ ಒಂದೇ ಸಲ ಊದಿಕೊಂಡೆ, ಆಮೇಲೆ ಎರಡು ದಿನಕ್ಕೊಮ್ಮೆ. ಶೀಸೆ ಬರಿದಾಯಿತು. ಹರವಿ, ಬಚ್ಚಲು, ಹೊಲ, ಓಟ ಎಲ್ಲವೂ ಮೊದಲಿನಂತೆಯೇ ತಿರುಗಿ ಬಂದವು. ಖಾಲಾ ಹರವಿಯನ್ನು ತೊಳೆದು ತುಂಬಿಟ್ಟಳು. ಹತ್ತೊಂಬತ್ತು ದಿನ ಹಾಗೆ ಕಳೆದವು. ಅವ್ವ ಮನೆಯಲ್ಲಿ ಕಾಯುತ್ತ ಕೂರಲಿಲ್ಲ. ಎರಡು ದಿನಕ್ಕೊಮ್ಮೆ ಸೋಲಾಪುರದ ಬಸ್ಸು ಹತ್ತಿ, ಆ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಸಂಜೆಯ ಬಸ್ಸಿಗೆ ಬರುತ್ತಿದ್ದಳು. ಇಪ್ಪತ್ತನೆಯ ದಿನ ಎರಡು ಶೀಸೆ ತಂದಳು.

ನಾನು ಮಾಡಿದ ತಪ್ಪು ಆಗಿನದು. ಸಿಕ್ಕಿದ ಸಂತೋಷಕ್ಕೋ, ಮತ್ತೆ ಕೈಬಿಟ್ಟೀತೆಂಬ ಭಯಕ್ಕೋ, ಗೆರೆಯನ್ನು ಮೀರಿ ನಳಿಗೆ ತುಂಬಿಸಿ ಊದಿಕೊಂಡೆ. ಮುಂಜಾನೆ, ಮಧ್ಯಾಹ್ನ, ಸಂಜೆ. ಮಧ್ಯಾಹ್ನದ್ದಕ್ಕೆಂದು ಒಂದು ಶೀಸೆಯನ್ನು ಐಸು ಹಾಕಿದ ಥರ್ಮಾಸಿನಲ್ಲಿ ಶಾಲೆಗೆ ಒಯ್ಯುತ್ತಿದ್ದೆ. ಬಾಯಾರಿಕೆ ಒಂದೇ ದಿನಕ್ಕೆ ಹೋಯಿತು. ಆದರೆ ನೀರು ಕುಡಿಯುವುದನ್ನು ನಿಲ್ಲಿಸಲಿಲ್ಲ. ಎಲ್ಲಿ ಮತ್ತೆ ಒಣಗುತ್ತೇನೋ ಎಂದು, ಬೇಡದಿದ್ದರೂ ತಂಬಿಗೆಯ ಮೇಲೆ ತಂಬಿಗೆ ಕುಡಿದೆ. ಕುಡಿದದ್ದು ಹೊರಗೆ ಹೋಗಲು ಔಷಧ ಬಿಡಲಿಲ್ಲ.

ಮೂರನೆಯ ದಿನ ತಲೆ ಸಿಡಿಯತೊಡಗಿತು. ಕೈ ಊದಿ ಬಳೆ ಬಿಗಿಯಾಗಿದ್ದವು. ಮೂರರ ಮಗ್ಗಿ ಬರೆಯುತ್ತಿದ್ದೆ. ಮೂರಾರಲೆ ಎಂದು ಬರೆದು ಮುಂದಿನದು ತೋಚದೆ ನಿಂತೆ. ಹುಡುಗರು ನಕ್ಕರು. ನಾನು ಹಾಗೆಯೇ ನಿಂತಿದ್ದು ನೋಡಿ ನಗು ನಿಲ್ಲಿಸಿದರು. ಹೊರಗೆ ಬಂದು ಖಾಲಾಳ ಅಂಗಳದಲ್ಲಿ ವಾಂತಿ ಮಾಡಿಕೊಂಡೆ. ಆಕೆ ಹಳೆಯ ಬೇನೆಯೇ ಕೆರಳಿದೆ ಎಂದು ತಿಳಿದು ಚರಗಿ ತುಂಬಿಸಿ ತಂದು, "ಕುಡಿ ಬೇಟಿ, ಕುಡಿ," ಎಂದು ಬಾಯಿಗೆ ಹಿಡಿದಳು. ನಾನು ಅದನ್ನೂ ಕುಡಿದೆ. ಆಮೇಲೆ ನನಗೆ ಆಕೆ ಯಾರೆಂಬುದೇ ತಿಳಿಯಲಿಲ್ಲ.

ಹೆಡ್ ಮಾಸ್ತರರು ಊರಿನ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ರಸ್ತೆಗೆ ತಂದು, ಸಿಕ್ಕ ಜೀಪಿನಲ್ಲಿ ಗುಲಬರ್ಗಾದ ಆಸ್ಪತ್ರೆಗೆ ಒಯ್ದರು. ಚೀಲದಲ್ಲಿದ್ದ ಸೋಲಾಪುರದ ಚೀಟಿ ನೋಡಿ ಅಲ್ಲಿನ ಡಾಕ್ಟರರಿಗೆ ತಿಳಿಯಿತು. ಮೈಯಲ್ಲಿ ನೀರು ಹೆಚ್ಚಾಗಿ ರಕ್ತದ ಉಪ್ಪು ತೆಳುವಾಗಿತ್ತು. ನೀರು ನಿಲ್ಲಿಸಿ, ಔಷಧ ನಿಲ್ಲಿಸಿ, ಎರಡು ದಿನ ಕಾದರು. ಎಚ್ಚರ ಬಂದಾಗ ವಯಸ್ಸಾದ ಆ ಡಾಕ್ಟರರು ಮಂಚದ ಅಂಚಿಗೆ ಕೂತು ಕೇಳಿದರು.

"ಅಷ್ಟು ನೀರು ಕುಡಿಯೋ ಹೊತ್ತಿಗೆ ಬಾಯಿ ಒಣಗಿತ್ತೇನು?"

"ಇಲ್ರಿ."

"ಮತ್ತ ಯಾಕ ಕುಡದಿ?"

"ಹೆದರಿಕಿ ಆತ್ರಿ."

"ಬಾಯಾರಿಕಿ ಆದ್ರ ಕುಡಿ ತಂಗಿ. ಹೆದರಿಕಿ ಆದ್ರ ಕುಡೀಬ್ಯಾಡ. ಎರಡೂ ಬ್ಯಾರೆ ಬ್ಯಾರೆ. ಗುರ್ತು ಹಿಡಿಯೋದು ಕಲೀಬೇಕು."

ಅದನ್ನು ಕಲಿಯಲು ಔಷಧ ಊದಿಕೊಳ್ಳುವುದನ್ನು ಕಲಿತದ್ದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ತಂಬಿಗೆ ಎತ್ತಿದಾಗಲೆಲ್ಲ ಒಂದು ಗಳಿಗೆ ನಿಂತು ಕೇಳಿಕೊಳ್ಳುತ್ತಿದ್ದೆ. ಬಾಯಿಯೋ, ಮನಸ್ಸೋ? ಎಷ್ಟೋ ಸಲ ತಂಬಿಗೆಯನ್ನು ಕೆಳಗಿಟ್ಟೆ. ಆಸ್ಪತ್ರೆಯಿಂದ ಬಂದಾಗ ಖಾಲಾ ನನ್ನ ಕೈ ಹಿಡಿದು, ತಾನೇ ನೀರು ಕುಡಿಸಿ ಕೊಲ್ಲುವವಳಿದ್ದೆ ಎಂದು ಅತ್ತಳು. ಆಕೆಗೆ ಸಮಾಧಾನ ಹೇಳುತ್ತ, ಮೈಯ ಕಥೆಯನ್ನೆಲ್ಲ ಬಿಡಿಸಿ ಹೇಳಿದೆ. ಆಕೆ ಪೂರ್ತಿ ಕೇಳಿ, "ಅಂದ್ರ ಕೇಳಿ ಕೊಡಬೇಕು," ಎಂದಳು. ಅಲ್ಲಿಂದ ಮುಂದೆ ಕೇಳಿಯೇ ಕೊಟ್ಟಳು.

ಮೂರು ವರ್ಷದ ಮೇಲೆ ಅಫಜಲಪುರದ ಹೈಸ್ಕೂಲಿನ ಒಬ್ಬ ಮಾಸ್ತರರು ಒಂದು ರವಿವಾರ ನನ್ನನ್ನು ನೋಡಲು ಬಂದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಉಪ್ಪಿಟ್ಟು, ಚಹಾ ಆದ ಮೇಲೆ ನಾನೇ ಒಳಗಿನಿಂದ ಶೀಸೆ ಮತ್ತು ನಳಿಗೆ ತಂದು ಅವರ ಮುಂದೆ ಇಟ್ಟೆ. ಅವ್ವ ತಡೆಯಲಿಲ್ಲ. ಬಿದ್ದದ್ದು, ಕೊಡ ಎತ್ತಿ ಕುಡಿದದ್ದು, ಮಗ್ಗಿ ಮರೆತದ್ದು, ಯಾವುದನ್ನೂ ಬಚ್ಚಿಡದೆ ಹೇಳಿದೆ. ಜೀವ ಇರುವವರೆಗೆ ಇದು ಬೇಕು ಎಂದೂ ಹೇಳಿದೆ. ಅವರು ನಳಿಗೆಯನ್ನು ಬೆಳಕಿಗೆ ಹಿಡಿದು ಅದರ ಗೆರೆಗಳನ್ನು ನೋಡಿದರು.

"ಇದಕ್ಕ ಥಂಡ ಬೇಕಂದ್ರಿ. ನಮ್ಮ ಮನ್ಯಾಗ ಫ್ರಿಜ್ ಇಲ್ರಿ," ಎಂದರು.

"ಪಶು ದವಾಖಾನ್ಯಾಗ ಇಡ್ತೇನ್ರಿ."

"ಐತವಾರ ಅದು ಬಂದ್ ಇರ್ತದಲ್ಲ?"

"ಐತವಾರ ಒಂದು ದಿನ ಮಣ್ಣಿನ ಗಡಿಗ್ಯಾಗ ಹಸಿ ಉಸುಕು ಹಾಕಿ ಇಡ್ತೇನ್ರಿ. ನಡೀತದ."

ಅವರು ನಳಿಗೆಯನ್ನು ಮೆಲ್ಲಗೆ ಕೆಳಗಿಟ್ಟು, "ಹಂಗಂದ್ರ ಉಸುಕು ನಾ ತರ್ತೇನಿ," ಎಂದರು.

ಮದುವೆಯಾದ ಮೇಲೆ ಪ್ರತಿ ಶನಿವಾರ ಸಂಜೆ ಅವರು ಸೈಕಲ್ಲಿನಲ್ಲಿ ಹಳ್ಳದಿಂದ ಒಂದು ಚೀಲ ಉಸುಕು ತರುತ್ತಿದ್ದರು. ತೊಂಬತ್ತರ ದಶಕದಲ್ಲಿ ಮನೆಗೆ ಫ್ರಿಜ್ಜು ಬಂತು, ಔಷಧವೂ ಗುಲಬರ್ಗಾದಲ್ಲೇ ಸಿಗುವಂತಾಯಿತು. ಆದರೂ ಕರೆಂಟು ಹೋದೊಡನೆ ನಾನು ಇದ್ದಲ್ಲಿಂದ ಎದ್ದು ಅಡುಗೆಮನೆಗೆ ನಡೆಯುತ್ತೇನೆ. ಬಾಗಿಲು ತೆಗೆದರೆ ತಂಪು ಹೋಗುತ್ತದೆಂದು ತೆಗೆಯುವುದಿಲ್ಲ. ಫ್ರಿಜ್ಜಿನ ಮೇಲೆ ಕೈಯಿಟ್ಟುಕೊಂಡು, ಅದು ಮತ್ತೆ ಗುಂಯ್ ಎನ್ನುವವರೆಗೆ ಅಲ್ಲಿಯೇ ನಿಲ್ಲುತ್ತೇನೆ.